ವಿವೇಕನಿಗೆ ಉತ್ತರ ಕೊಟ್ಟ ಖಳನಾಯಕ

“ಈ ಮನುಷ್ಯನ ಎದುರಿಗೆ ನಾನು ಹಾಡಲ್ಲ!”

ಕಾಜರಿಯ ದನಿಗೆ ಚಿತ್‌ಪುರದ ಆ ತಾಲೀಮು ಕೋಣೆಯಲ್ಲಿ ಹಾರ್ಮೋನಿಯಂ ಥಟ್ಟನೆ ನಿಂತಿತು. ಕೆಳಗೆ ಬೀದಿಯಲ್ಲಿ ಟ್ರಾಮಿನ ಗಂಟೆ ಮಾತ್ರ ಕೇಳಿಸುತ್ತಿತ್ತು.

ಕನ್ನಡಿಯ ಮುಂದೆ ಹುರಿಮೀಸೆ ಅಂಟಿಸಿಕೊಳ್ಳುತ್ತಿದ್ದವನು ತಿರುಗಿ ನೋಡಿದ. ಅರ್ಧ ಮೀಸೆ ತುಟಿಯ ಮೇಲಿತ್ತು, ಇನ್ನರ್ಧ ಬೆರಳಲ್ಲಿತ್ತು.

ಬಿಭಾಸ್ ಮೈತಿ! ಒಂದು ಕಾಲದಲ್ಲಿ ಅವಳಪ್ಪನ ಕಂಪನಿಯ ನಾಯಕ ನಟ. ಅವಳ ಜೊತೆ ಒಂದೇ ಬಟ್ಟಲಿನ ಮಂಡಕ್ಕಿ ತಿಂದು, ಹಸಿಮೆಣಸಿನಕಾಯನ್ನು ಅವಳಿಗೇ ಬಿಟ್ಟುಕೊಡುತ್ತಿದ್ದವನು. ನಾಲ್ಕು ವರ್ಷದ ಹಿಂದೆ ಅದೇ ಅಪ್ಪನನ್ನು ರೊಚ್ಚಿಗೆದ್ದ ಜನರ ಕೈಗೆ ಬಿಟ್ಟು ಓಡಿಹೋದವನು!

“ಕಾಜರಿ...”

“ನನ್ನ ಹೆಸರು ನಿಮ್ಮ ಬಾಯಲ್ಲಿ ಬರೋದು ಬೇಡ.”

ಕಂಪನಿಯ ಮಾಲೀಕ ಗೋಷ್ಠಬಾಬು ಬಾಯಿತುಂಬ ಇದ್ದ ಪಾನನ್ನು ದವಡೆಗೆ ಸರಿಸಿದರು. “ಪೋಸ್ಟರ್ ಅಚ್ಚಾಗಿ ಗೋಡೆ ಹತ್ತಿಯಾಯ್ತು ತಾಯಿ. ನೀನು ವಿವೇಕ, ಅವನು ಖಳ. ಖಳನ ಮೇಲೆ ಕೋಪ ಮಾಡ್ಕೊಳ್ಳೋದೇ ವಿವೇಕನ ಕೆಲಸ. ಮಾಡ್ಕೋ, ಬೇಡ ಅನ್ನಲ್ಲ. ಶ್ರುತೀಲಿ ಮಾಡ್ಕೋ ಅಷ್ಟೇ!”

ಎಲ್ಲರೂ ನಕ್ಕರು. ಕಾಜರಿ ನಗಲಿಲ್ಲ. ಬಿಭಾಸನೂ ನಗಲಿಲ್ಲ.

ಬಂಗಾಳದ ಜಾತ್ರಾ, ಅಂದರೆ ಬಯಲಾಟದ ಕಂಪನಿಗಳಲ್ಲಿ ನಾಟಕಕ್ಕೆ ಪಾಲಾ ಅನ್ನುತ್ತಾರೆ. ಪಾಲಾದಲ್ಲಿ ಯಾರಾದರೂ ಪಾಪಕ್ಕೆ ಕೈ ಹಾಕಿದರೆ ಸಾಕು, ವಿವೇಕ ಹಾಡುತ್ತಾ ರಂಗಕ್ಕೆ ಬಂದುಬಿಡುತ್ತಾನೆ. ಅವನು ಆ ಪಾಪಿಯದೇ ಮನಸ್ಸಾಕ್ಷಿ. ಅವನಿಗೆ ಯಾರೂ ಉತ್ತರ ಕೊಡುವಂತಿಲ್ಲ, ಬೆನ್ನು ತಿರುಗಿಸಿ ನಿಲ್ಲಬೇಕು. ಹಾಡು ಮುಗಿದೊಡನೆ ವಿವೇಕ ಹೊರಟುಹೋಗಬೇಕು. ಕಾಜರಿಯ ಅಪ್ಪ ಹಾಲ್ದಾರ್ ಮಶಾಯ್ ಬದುಕೆಲ್ಲ ಆ ಪಾತ್ರ ಕಟ್ಟಿದವರು. ಅವರ ಕಂಠವೇ ಮಗಳಿಗೆ ಬಂದಿತ್ತು. ಹಾಗಾಗಿ ಗಂಡಸರ ಆ ಕಾವಿ ನಿಲುವಂಗಿ ಈಗ ಅವಳ ಮೈಮೇಲೆ.

ತಾಲೀಮು ಶುರುವಾಯಿತು. ಬಿಭಾಸನದು ಜಮೀನ್ದಾರ ರುದ್ರನಾರಾಯಣನ ಪಾತ್ರ. ತನ್ನ ಗದ್ದೆ ಉಳಿಸಿಕೊಳ್ಳಲು ನದಿಯ ಒಡ್ಡು ಒಡೆಸಿ ಊರನ್ನೇ ಮುಳುಗಿಸುವ ನೀಚ. ಕೊನೆಯಲ್ಲಿ ಪ್ರವಾಹಕ್ಕೆ ಧುಮುಕಿ ಒಂದು ಮಗುವನ್ನು ಬದುಕಿಸಿ ತಾನು ಸಾಯುತ್ತಾನೆ. ಎಲ್ಲರೂ ಅತ್ತು ಕ್ಷಮಿಸುತ್ತಾರೆ.

“ಗೋಷ್ಠಬಾಬು, ಇವನು ಸಾಯಲೇಬೇಕಾ?” ಬಿಭಾಸ್ ಒಂದು ದಿನ ಕೇಳಿದ. “ಸಾಯೋದು ಸುಲಭ. ಸತ್ತವನನ್ನ ಯಾರಾದ್ರೂ ಕ್ಷಮಿಸ್ತಾರೆ. ಬದುಕಿದ್ದು ಅದೇ ಊರಲ್ಲಿ ಓಡಾಡೋದು ಕಷ್ಟ.”

“ಓಡಾಡೋದು ಕಷ್ಟ ಇರಬಹುದು,” ಕಾಜರಿ ಮೂಲೆಯಿಂದಲೇ ಚುಚ್ಚಿದಳು. “ಓಡೋದು ನಿಮಗೆ ಚೆನ್ನಾಗಿ ಬರತ್ತಲ್ಲ!”

ಅವನ ಮುಖ ಕಪ್ಪಿಟ್ಟಿತು. ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ನಿಂತ.

‘ಜಗಳವಾದರೂ ಆಡಬಾರದೇ! ಇವನು ಕೆಟ್ಟವನಾಗಿದ್ದರೆ ನನಗೆ ಎಷ್ಟು ಸುಲಭವಿತ್ತು...’ ಅಂದು ಅವಳಿಗೆ ಊಟ ಸೇರಲಿಲ್ಲ.

ದುರ್ಗಾಪೂಜೆ ಕಳೆದು ಊರೂರು ತಿರುಗಾಟ ಶುರುವಾಯಿತು. ಪೌಷ ಮಾಸದ ಒಂದು ಮಧ್ಯಾಹ್ನ ಅವರ ಬಸ್ಸು ನಿಂತದ್ದು ಖೇಜೂರ್‌ಡಾಂಗಾದಲ್ಲಿ. ಕಾಜರಿಯ ಅಪ್ಪ ಬಿದ್ದದ್ದು ಇದೇ ಊರಿನ ಬಯಲಿನಲ್ಲಿ!

ಅಂದು ಜನರೇಟರ್ ಕೆಟ್ಟಿತ್ತು. ಟಿಕೆಟ್ ಕೊಂಡ ಜನ ರೇಗಿ ರಂಗಕ್ಕೆ ನುಗ್ಗಿದ್ದರು. ಒಂದು ಬಿದಿರಿನ ಗಳು ಅಪ್ಪನ ತಲೆಗೆ ಬಡಿದಿತ್ತು. ಆಮೇಲೆ ಅಪ್ಪ ವರ್ಷದ ಮೇಲೆ ಬದುಕಿದ್ದರೂ ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಾಡುವ ಬಾಯಿ... ಮೂಕವಾಗಿಯೇ ಹೋಯಿತು.

ಖರ್ಜೂರದ ಮರದ ಬುಡದಲ್ಲಿ ಬಿಭಾಸ್ ಒಬ್ಬನೇ ನಿಂತಿದ್ದ. ಅವಳಿಗೆ ತಡೆಯಲಾಗಲಿಲ್ಲ.

“ಒಂದೇ ಒಂದು ಸಲ ಬಂದು ನೋಡಬಾರದಿತ್ತಾ ನಮ್ಮಪ್ಪನ್ನ?”

“ನಾಚಿಕೆ, ಕಾಜರಿ. ಪೆಟ್ಟು ತಿಂದದ್ದು ಅವರು, ಉಳಿದದ್ದು ನಾನು... ಯಾವ ಮುಖ ಹೊತ್ಕೊಂಡು ಬರಲಿ? ಅವರು ಓಡು ಅಂದ್ರು, ಓಡಿದೆ...”

“ಏನಂದ್ರಿ? ಓಡು ಅಂದ್ರಾ?”

“ನನ್ನ ಭುಜ ಹಿಡಿದು ಕೂಗಿದ್ರಲ್ಲ... ‘ಪಾಲಾ, ಬಿಭಾಸ್, ಪಾಲಾ!’ ಅಂತ.”

ಕಾಜರಿ ಉರಿದುಬಿದ್ದಳು. “ಆ ಕೂಗು ಬಣ್ಣದ ಚೌಕಿಯಲ್ಲಿದ್ದ ನನಗೂ ಕೇಳಿಸಿತ್ತು! ಪಾಲಾ ಅಂದದ್ದು ಪಾಲಾನ ಉಳಿಸು ಅಂತ! ನಾಟಕ ನಿಲ್ಲಿಸಬೇಡ, ಏನಾದ್ರೂ ಮಾಡು ಅಂತ! ನಾಯಕ ನೀವೇ ತಾನೆ? ಅವರು ನಿಮ್ಮನ್ನ ಅಂಗಲಾಚ್ತಾ ಇದ್ರು. ನೀವು ಬೆನ್ನು ತಿರುಗಿಸಿ...”

ಆ ಮಾತಿನ ಇನ್ನೊಂದು ಅರ್ಥ ಅವಳಿಗೆ ಹೊಳೆದದ್ದು ಆಗಲೇ.

ಬಂಗಾಳಿಯಲ್ಲಿ ಪಾಲಾ ಅಂದರೆ ನಾಟಕ. ಓಡು, ತಪ್ಪಿಸಿಕೋ ಅನ್ನುವುದಕ್ಕೂ ಅದೇ ಪಾಲಾ. ದಿನಕ್ಕೆ ನೂರು ಸಲ ಆ ಮಾತನ್ನು ಆಡುವವರು ಇಬ್ಬರೂ. ಆದರೂ ಇಷ್ಟು ವರ್ಷ ಇಬ್ಬರ ಕಿವಿಯಲ್ಲೂ ಒಂದೊಂದೇ ಅರ್ಥ ಕೂತುಬಿಟ್ಟಿತ್ತು!

“ನಾಟಕ ಅಂತ... ನನಗೆ ಹೊಳೆಯಲೇ ಇಲ್ಲ.” ಬಿಭಾಸ್ ಮರಕ್ಕೆ ಕೈ ಊರಿ ನಿಂತ.

“ಸುಳ್ಳು! ಬೇಕಾದ ಅರ್ಥ ಹುಡುಕ್ಕೊಂಡು ಬಂದಿದೀರಿ!” ಎಂದವಳೇ ಕಾಜರಿ ಚೌಕಿಗೆ ಓಡಿದಳು.

ಓಡಿದಳೇನೋ ನಿಜ. ಆದರೆ ಬಣ್ಣ ಹಚ್ಚಿಕೊಳ್ಳುವಾಗಲೂ ಆ ಮಾತೇ ಕಿವಿಯಲ್ಲಿತ್ತು. ಅಪ್ಪ ಎಂಥವರು? ಬಸ್ಸು ಕೆಸರಲ್ಲಿ ಹೂತರೆ ಹುಡುಗರನ್ನು ಮೊದಲು ಇಳಿಸಿ ತಾವು ಕೊನೆಗೆ ಇಳಿದವರು. ‘ಓಡು’ ಅಂದಿರಲಾರರು ಎಂದು ಎದೆ ಮುಟ್ಟಿ ಹೇಳಬಲ್ಲೆಯಾ, ಕಾಜರಿ? ಹೇಳಲಾರಳು... ಕೇಳೋಣವೆಂದರೆ ಅಪ್ಪನೇ ಇಲ್ಲ.

ಸಂಜೆ ಬಯಲು ತುಂಬಿತು. ರುದ್ರನಾರಾಯಣ ರಂಗಕ್ಕೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಯಾರೋ ಅರಚಿದರು.

“ಏಯ್, ಇವನು ಅವನೇ ಕಣ್ರೋ! ಅವತ್ತು ಓಡಿಹೋದ ಹೀರೋ!”

“ಓಡ್ತಾನೆ ನೋಡ್ತಿರು, ಇವತ್ತೂ ಓಡ್ತಾನೆ!”

ಸಿಳ್ಳೆ, ಕೇಕೆ! ಮಣ್ಣಿನ ಚಹಾ ಕುಡಿಕೆಗಳು ತೂರಿಬಂದವು. ದೃಶ್ಯ ಮುಗಿಸಿ ಬಂದವನ ತೋಳನ್ನು ಗೋಷ್ಠಬಾಬು ಹಿಡಿದುಕೊಂಡರು.

“ಹಿಂದುಗಡೆ ವ್ಯಾನ್ ನಿಂತಿದೆ, ಹೋಗಿಬಿಡಪ್ಪಾ. ಹೆಣ ಹೊರೋ ಶಕ್ತಿ ನನಗಿಲ್ಲ.”

ಕಾಜರಿ ಕಾವಿ ನಿಲುವಂಗಿಯಲ್ಲಿ ಅಲ್ಲೇ ನಿಂತಿದ್ದಳು. ಬಿಭಾಸ್ ವ್ಯಾನಿನ ಕಡೆ ನೋಡಿದ. ಅವಳ ಕಡೆ ನೋಡಿದ. ‘ಹೋಗಬೇಡ’ ಎಂಬ ಮಾತು ಗಂಟಲಿಗೆ ಬಂದಿತ್ತು, ಆದರೆ ‘ಇವನಿಗೂ ಏನಾದರೂ ಆದರೆ?’ ಎಂಬ ಭಯ ಅದನ್ನು ಹಿಡಿದುಹಾಕಿತು. ಅವನಿನ್ನೂ ಅವಳಿಗೆ ಬೇಕಾಗಿದ್ದ... ಅದು ಆ ಕ್ಷಣದಲ್ಲಿ ತಿಳಿಯಬೇಕೇ!

ಅವನು ಮೀಸೆಯನ್ನು ಒತ್ತಿ ಅಂಟಿಸಿಕೊಂಡು ರಂಗಕ್ಕೇ ಹೋದ.

ಒಡ್ಡು ಒಡೆಸುವ ದೃಶ್ಯ. ಕಾಜರಿ ಹಾಡುತ್ತಾ ಒಳಬಂದಳು.

“ಎಲ್ಲಿಗೆ ಓಡುವೆ, ಓ ದಾರಿಹೋಕಾ... ನೆರಳಿಗೂ ಕಾಲುಂಟು...”

ಅಷ್ಟರಲ್ಲಿ ಒಂದು ಕುಡಿಕೆ ಅವನ ಹಣೆಗೆ ಬಡಿದು ಒಡೆಯಿತು. ರಕ್ತ ಹುಬ್ಬಿಗಿಳಿಯಿತು. ನಾಲ್ಕಾರು ಜನ ಗಳು ಹಿಡಿದು ರಂಗದ ಅಂಚಿಗೇ ಬಂದರು.

ಬೆನ್ನು ತಿರುಗಿಸಿ ನಿಂತಿದ್ದ ಬಿಭಾಸ್ ತಿರುಗಿದ. ವಿವೇಕನ ಕಣ್ಣಿಗೆ ಕಣ್ಣಿಟ್ಟು, ಯಾವ ಪಾಲಾದಲ್ಲೂ ಯಾರೂ ಮಾಡದ ಕೆಲಸ ಮಾಡಿದ. ಉತ್ತರ ಕೊಟ್ಟ!

“ಓಡಿದೆ, ವಿವೇಕ. ಇದೇ ಜಾಗದಿಂದ ಓಡಿದೆ. ಹಿರಿಯರು ಒಂದು ಮಾತು ಅಂದ್ರು, ನನ್ನ ಕಾಲಿಗೆ ಹಿತವಾದ ಅರ್ಥ ನಾನು ತಗೊಂಡೆ. ಓಡು ಅಂತಲೇ ಅಂದಿದ್ದರೂ... ನಾನು ನಿಲ್ಲಬೇಕಿತ್ತು! ಅವರ ಪಕ್ಕದಲ್ಲಿ ನಿಂತು ಏಟು ತಿನ್ನಬೇಕಿತ್ತು.” ಅವನು ಜನರ ಕಡೆ ತಿರುಗಿದ. “ಇವತ್ತು ನಿಂತಿದೀನಿ. ಹೊಡೀತೀರಾ, ಹೊಡೀರಿ. ಆಮೇಲೆ ಪಾಲಾ ಮುಗಿಸೋಕೆ ಬಿಡಿ.”

ಗಳು ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಾಡು ಮುಗಿದಿತ್ತು. ವಿವೇಕ ಹೊರಡಬೇಕಿತ್ತು. ಕಾಜರಿ ಹೊರಡಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದು ಅವನಿಗೂ ಗಳುಗಳಿಗೂ ನಡುವೆ ನಿಂತಳು.

ಮುಂದಿನ ಚಾಪೆಯಿಂದ ಒಬ್ಬಳು ಮುದುಕಿ ಶಾಲು ಕೊಡವಿ ಎದ್ದಳು. “ಲೋ ಕೋತಿಗಳಾ, ಕೂತ್ಕೊಳ್ರೋ! ಅವನು ಎಲ್ಲಿಗೂ ಹೋಗ್ತಿಲ್ಲ, ಕಣ್ಣು ಕಾಣಲ್ವಾ? ಆ ಗಳು ಕೆಳಗಿಡು, ನನಗೆ ನಾಟಕ ಮರೆಯಾಗ್ತಿದೆ!”

ಯಾರೋ ನಕ್ಕರು. ಗಳುಗಳು ಒಂದೊಂದಾಗಿ ಕೆಳಗಿಳಿದವು. ಪಾಲಾ ಮುಂದುವರಿಯಿತು. ಕೊನೆಯ ದೃಶ್ಯದಲ್ಲಿ ರುದ್ರನಾರಾಯಣ ಮಗುವನ್ನೆತ್ತಿಕೊಂಡು ಪ್ರವಾಹದಿಂದ ಎದ್ದುಬಂದ. ಸಾಯಲಿಲ್ಲ. “ಸಾಯಯ್ಯಾ! ಈಗ ಸಾಯಬೇಕು!” ಎಂದು ಪಕ್ಕದಿಂದ ಮಾತು ಹೇಳಿಕೊಡುವವನು ಪಿಸುಗುಟ್ಟಿ ಸುಸ್ತಾದ. ರುದ್ರನಾರಾಯಣ ಮಗುವನ್ನು ತಾಯಿಗೊಪ್ಪಿಸಿ, ಬುಟ್ಟಿ ಎತ್ತಿಕೊಂಡು, ತಾನೇ ಒಡೆಸಿದ ಒಡ್ಡಿಗೆ ಮಣ್ಣು ಹೊರಲು ನಿಂತ. ಜನ ಚಪ್ಪಾಳೆ ತಟ್ಟಿದರು.

ಚೌಕಿಯಲ್ಲಿ ಕಾಜರಿ ಚೆಂಡುಹೂವಿನ ಎಲೆ ಅರೆದು ಅವನ ಹಣೆಗೆ ಮೆತ್ತಿದಳು.

“ಆಹ್! ಮೆಲ್ಲಗೆ...”

“ಉರೀಲಿ. ಇಷ್ಟು ವರ್ಷ ನನಗೆ ಉರಿದಿಲ್ವಾ?” ಅವಳ ಕಣ್ಣು ತುಂಬಿತ್ತು. “ನಿಮ್ಮನ್ನ ದ್ವೇಷಿಸಿ ದ್ವೇಷಿಸಿ ಸಾಕಾಗಿದೆ, ಬಿಭಾಸ್‌ದಾ. ಪ್ರೀತಿಸೋಕಿಂತ ಅದೇ ಜಾಸ್ತಿ ಕಷ್ಟ.”

ಅವನು ಮೆಲ್ಲಗೆ ಅಂದ, “ಅವರು ಅಂದದ್ದು ಯಾವ ಪಾಲಾ ಅಂತ ನಮಗೆ ಕೊನೇವರೆಗೂ ಗೊತ್ತಾಗಲ್ಲ, ಕಾಜರಿ.”

ಅವಳು ಕಣ್ಣೊರೆಸಿಕೊಂಡು ಅವನ ಭುಜ ಹಿಡಿದಳು.

“ಪಾಲಾ, ಬಿಭಾಸ್.”

ಅವನು ಬೆಚ್ಚಿಬಿದ್ದ. “ಯಾವುದು? ಹೋಗಲಾ... ಇರಲಾ?”

“ನಿಮ್ಮ ಕಾಲನ್ನೇ ಕೇಳಿ.”

ಬಿಭಾಸ್ ಕಾಲು ಮಡಿಸಿ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತ. ಕಾಜರಿ ಮಂಡಕ್ಕಿ ಬಟ್ಟಲನ್ನು ಇಬ್ಬರ ನಡುವೆ ಸರಿಸಿದಳು.

“ಮೆಣಸಿನಕಾಯಿ ನನ್ನದು,” ಅಂದಳು.

“ಯಾವತ್ತೂ ನಿನ್ನದೇ.”