ಲಾಭ, ಎರಡ, ಮೂರ

ಅದನ್ನು ನಾನು ಸೇರಿಸಿದ್ದಲ್ಲ. ಎಷ್ಟು ಸಲ ಹೇಳಬೇಕು?

ಉಟಗಿಯ ನಮ್ಮ ರಾಕ್ ಬ್ಯಾಂಡಿನ ಡ್ರಮ್ಮರ್ ಕಲ್ಮೇಶ ಕಾಳಿನ ವ್ಯಾಪಾರಿಯ ಮಗ. ಜೋಳ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಅನ್ನದೆ ‘ಲಾಭ’ ಅನ್ನುವುದು ನಮ್ಮ ಕಡೆಯ ರೂಢಿ. ಕಲ್ಮೇಶನೂ ಪ್ರತಿ ಹಾಡಿಗೆ ಮುಂಚೆ ಡ್ರಮ್ಮಿನ ಕಡ್ಡಿಗಳನ್ನು ತಟ್ಟಿ, "ಲಾಭ, ಎರಡ, ಮೂರ" ಎಂದೇ ಎಣಿಸುತ್ತಿದ್ದ.

ಅವನು ತೀರಿಹೋದ ಮೇಲೆ ನಮ್ಮ ಜನಪ್ರಿಯ ಹಾಡುಗಳನ್ನು ಆರಿಸಿ, ಕಡೆಗೊಂದು ಹೊಸ ಹಾಡು ಸೇರಿಸಿ ಆಲ್ಬಮ್ ಮಾಡಿದೆವು. ಸ್ಟುಡಿಯೋದ ವಿಜಯಕುಮಾರ ಆ ಎಣಿಕೆಯನ್ನೆಲ್ಲ ಕತ್ತರಿಸಿ ಹಾಕಿದ. "ಸಂತ್ಯಾಗ ಜ್ವಾಳ ಅಳದಂಗ ಕೇಳ್ತೈತಿ," ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಡಫಳಾಪುರದ ಬಸ್ ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ, ನಾನೂ ಅವನೂ ಜೀಪಿನಲ್ಲಿ ಕೂತು ಆಲ್ಬಮ್ ಹಚ್ಚಿದೆವು. ಜೀಪಿನ ತಗಡು ಸುಡುತ್ತಿತ್ತು. ಸ್ಪೀಕರ್ ಮಾತ್ರ ಮುಟ್ಟಿದರೆ ಗಡಿಗೆಯ ಹಾಗೆ ತಣ್ಣಗಿತ್ತು. ಎಲ್ಲಿಂದಲೋ ಜೋಳದ ಹೊಟ್ಟಿನ ವಾಸನೆ ಬಂತು. ಆಮೇಲೆ, "ಲಾಭ, ಎರಡ, ಮೂರ." ಹಚ್ಚಿದ ಪ್ರತಿ ಹಾಡಿಗೂ.

"ನೀನ ತುರುಕೀದಿ," ವಿಜಯಕುಮಾರ ನನ್ನ ಮೇಲೆ ಹರಿಹಾಯ್ದ. "ಸತ್ತಾವ್ನ ಹೆಸರ್ಲೆ ನಾಟಕ ಮಾಡಬ್ಯಾಡ."

"ಕಡೀ ಹಾಡ ಕೇಳು," ಅಂದೆ. "ಅದನ್ನ ಅವ ಸತ್ತ ಮ್ಯಾಲೆ ಮಾಡೇವಿ. ಅದರಾಗ ಡ್ರಮ್ಮ ಇಲ್ಲ."

ಕೇಳಿದೆವು. ಮೊದಲು ಕಡ್ಡಿಗಳ ಸದ್ದು ಬಂತು. ಆಮೇಲೆ, "ಲಾಭ."

ಇವತ್ತಿಗೂ ವಿಜಯಕುಮಾರ ಊರ ತುಂಬ ನನ್ನನ್ನೇ ದೂರುತ್ತಾನೆ. ಕಲ್ಮೇಶನ ಕಡ್ಡಿ ಬಡಿದು ನಾನೇ ರೆಕಾರ್ಡ್ ಮಾಡಿದೆನಂತೆ. ಮಣ್ಣು ಮಾಡುವಾಗ ಆ ಕಡ್ಡಿಗಳನ್ನು ಕುಣಿಯೊಳಗೆ, ಕೂರಿಸಿದ ಕಲ್ಮೇಶನ ತೊಡೆಯ ಮೇಲೆ ಇಟ್ಟವನು ನಾನು. ಮೇಲೆ ಮಣ್ಣು ಎಳೆದವನು ಇದೇ ವಿಜಯಕುಮಾರ.