ಪಟಪಟಿ ಕೊಟ್ಟ ಮಾತು

"ಸುಳ್ಳು ಹೇಳ್ಬೇಡ ಪಟಪಟಿ. ಮನುಷ್ಯ ಸತ್ತ ಮೇಲೆ ಅವನ ರಕ್ತ ಹೇಗೆ ಬದುಕಿರುತ್ತೆ?"

"ಬರೀ ರಕ್ತ ಅಲ್ಲ ಕಣೋ, ಸೆಲ್ಸ್. ಜೀವಕೋಶ," ಎನ್ನುತ್ತಾ ಪಟಪಟಿ ಟಿಫಿನ್ ಡಬ್ಬಿಯ ಮುಚ್ಚಳವನ್ನು ಬೆಂಚಿನ ಮೇಲೆ ಕುಟ್ಟಿದಳು. "ನಮ್ಮ ದೊಡ್ಡಮ್ಮನ ಹತ್ರ ಸಾವಿರಾರು ಇವೆ. ಮೈನಸ್ ನೂರಾ ತೊಂಬತ್ತಾರು ಡಿಗ್ರಿ ಚಳೀಲಿ ನಿದ್ದೆ ಹೊಡೀತಿವೆ. ಬೆಚ್ಚಗೆ ಮಾಡಿ, ಊಟ ಕೊಟ್ರೆ ಎದ್ದು ಬೆಳೆಯೋಕೆ ಶುರು ಮಾಡ್ತವೆ. ಆ ಮನುಷ್ಯ ಇಲ್ಲದಿದ್ರೂ ಸರಿ."

ಸುತ್ತ ಕೂತಿದ್ದ ಐದನೇ ಕ್ಲಾಸಿನ ಮಕ್ಕಳೆಲ್ಲ ತಿನ್ನುವುದನ್ನು ನಿಲ್ಲಿಸಿದರು. ಪಟಪಟಿಗೆ ಬೇಕಾಗಿದ್ದೂ ಅದೇ. ಬೆಳಿಗ್ಗೆ ಟೀಚರ್ 'ನಮ್ಮ ಮನೆಯವರ ಕೆಲಸ' ಎಂದು ಹತ್ತು ಸಾಲು ಬರೆಯಲು ಹೇಳಿದ್ದರು. ಒಬ್ಬನ ಅಪ್ಪ ಬೆಂಕಿ ಆರಿಸುವ ಗಾಡಿ ಓಡಿಸುತ್ತಾರೆ. ಇನ್ನೊಬ್ಬಳ ಅಮ್ಮ ಕ್ರೇನ್ ಮೇಲೆ ಕೂತು ಕೆಲಸ ಮಾಡುತ್ತಾರೆ. ಅವರನ್ನೆಲ್ಲ ಮೀರಿಸಬೇಕಿತ್ತು. ಮಾತಿನಲ್ಲಿ ಅವಳನ್ನು ಮೀರಿಸುವವರು ಹೇಗೂ ಇರಲಿಲ್ಲ. ಪಟಪಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಯಾರೋ ಹಿಂದಿನಿಂದ ಅವಳ ತೋಳು ಮುಟ್ಟಿದರು. ಈ ವರ್ಷ ಹೊಸದಾಗಿ ಸೇರಿದ ಹುಡುಗಿ. ಸೊಂಟದವರೆಗೆ ಜಡೆ ಇದ್ದುದರಿಂದ ಎಲ್ಲರೂ ಅವಳನ್ನು ಜಡೆ ಎಂದೇ ಕರೆಯುತ್ತಿದ್ದರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು.

"ನನ್ನ ತಮ್ಮನದೂ ಇರುತ್ತಾ ಅಲ್ಲಿ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಯಾವ ತಮ್ಮ?"

"ಹೋದ ವರ್ಷ ತೀರ್ಕೊಂಡ. ಏಳು ವರ್ಷ ಅವನಿಗೆ. ಆಸ್ಪತ್ರೇಲಿ ರಿಸರ್ಚಿಗೆ ಅಂತ ಅವನ ಕೈಯಿಂದ ಒಂಚೂರು ಚರ್ಮ ತೆಗೆದಿದ್ರು. ರಕ್ತಾನೂ ತಗೊಂಡಿದ್ರು. ಅಮ್ಮ ಸೈನ್ ಮಾಡಿದ್ಲು."

'ಗೊತ್ತಿಲ್ಲ' ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಜಡೆ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಪಟಪಟಿಯ ಬಾಯಿ ಅವಳಿಗಿಂತ ಮುಂಚೆ ಓಡಿತು.

"ಇದ್ದೇ ಇರುತ್ತೆ. ನಾನು ತೋರಿಸ್ತೀನಿ."

ಜಡೆಯ ಮುಖದಲ್ಲಿ ಅಷ್ಟು ದೊಡ್ಡ ನಗುವನ್ನು ಕ್ಲಾಸಿನಲ್ಲಿ ಯಾರೂ ಕಂಡಿರಲಿಲ್ಲ.

ಸಂಜೆ ದೊಡ್ಡಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಂತೆ ಪಟಪಟಿ ವಿಷಯ ಎತ್ತಿದಳು. ಜಡೆಯ ಹೆಸರು ಮಾತ್ರ ಹೇಳಲಿಲ್ಲ. "ಒಂದು ಹುಡುಗನ ಟ್ಯೂಬ್ ನೋಡಬೇಕಿತ್ತು, ದೊಡ್ಡಮ್ಮ. ಬರೀ ನೋಡೋಕೆ."

ದೊಡ್ಡಮ್ಮ ಅಮ್ಮನ ಅಕ್ಕ. ಇವರ ಜೊತೆಯಲ್ಲೇ ಇದ್ದಳು. ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತಾ ಇಪ್ಪತ್ತೆಂಟು ವರ್ಷ ಕಳೆದವಳು. ಈಗ ಅಪರೂಪದ ಕಾಯಿಲೆ ಇರುವವರ ರಕ್ತ, ಜೀವಕೋಶಗಳನ್ನು ಕೂಡಿಡುವ ಬ್ಯಾಂಕನ್ನು ನೋಡಿಕೊಳ್ಳುತ್ತಿದ್ದಳು. ದಿನವಿಡೀ ಗ್ಲೌಸ್ ಹಾಕಿ ಹಾಕಿ ಅವಳ ಕೈ ಒಣಗಿ ಹೋಗಿತ್ತು.

"ಆಗಲ್ಲ ಪುಟ್ಟಿ. ಯಾವುದು ಯಾರದು ಅಂತ ನನಗೇ ಗೊತ್ತಿಲ್ಲ. ಗೊತ್ತಾಗಬಾರದು ಅಂತಾನೇ ಹಾಗೆ ಇಟ್ಟಿರೋದು."

ಪಟಪಟಿ ನಂಬಲಿಲ್ಲ. ಮನೆಯ ಹಾಲಿನ ಪಾತ್ರೆಗೂ ತಾರೀಖಿನ ಚೀಟಿ ಅಂಟಿಸುವವಳು ದೊಡ್ಡಮ್ಮ. ಒಮ್ಮೆ ಅಪ್ಪ ಅರ್ಧ ತಿಂದಿಟ್ಟ ಸೇಬಿಗೂ ಚೀಟಿ ಅಂಟಿಸಿದ್ದಳು. ಅಂಥವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬೇಕೆಂದೇ ಹೇಳುತ್ತಿಲ್ಲ, ಅಷ್ಟೇ.

ಮಾರನೆಯ ದಿನ ಜಡೆ ಗೇಟಿನ ಹತ್ತಿರವೇ ಕಾಯುತ್ತಿದ್ದಳು. "ಯಾವಾಗ?"

"ಮುಂದಿನ ವಾರ."

ವಾರ ಕಳೆಯುವಷ್ಟರಲ್ಲಿ ಜಡೆ ಅವಳಿಗೆ ತನ್ನ ಬಣ್ಣದ ಪೆನ್ಸಿಲ್ ಕೊಟ್ಟಳು, ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟಳು. ಗುರುವಾರ ಒಂದು ಮಾತು ಹೇಳಿದಳು. "ಅಮ್ಮನಿಗೂ ಹೇಳಿದೆ. ನಾನೂ ಬರಬಹುದಾ ಅಂತ ಕೇಳಿದ್ಲು. ಸೋಮವಾರ ಕೆಲಸಕ್ಕೆ ರಜೆ ಹಾಕಿದಾಳೆ."

ಪಟಪಟಿ ಕೈಯಲ್ಲಿದ್ದ ಬಣ್ಣದ ಪೆನ್ಸಿಲನ್ನು ಕೆಳಗಿಟ್ಟಳು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಯಾವಾಗಲೂ ದೊಡ್ಡಮ್ಮನ ಲ್ಯಾಬಿಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ನೆಲದ ಮೇಲೆ ಒಂದು ಹಳದಿ ಗೆರೆ ಇತ್ತು. ಅದನ್ನು ದಾಟಬಾರದು. ಅದರಾಚೆ ಜೀವಕೋಶಗಳನ್ನಿಡುವ ಪೀಪಾಯಿಗಳು. ಪಕ್ಕದಲ್ಲಿ ಸಾಲಾಗಿ ನಿಂತ, ರಕ್ತವನ್ನಿಡುವ ಎತ್ತರದ ಫ್ರೀಜರುಗಳು ಯಾವಾಗಲೂ ಗುಂಯ್‌ಗುಡುತ್ತಿದ್ದವು. ಅವುಗಳನ್ನು ನೋಡಿಕೊಳ್ಳುವವನು ಚಳಿಮಾಮ. ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತಿದ್ದ.

ಆ ದಿನ ಚಳಿಮಾಮ ಒಂದು ಫ್ರೀಜರಿನ ಬೀಗ ತೆಗೆದು, ಏನೋ ಎಣಿಸಿ, ಬಾಗಿಲು ತಳ್ಳಿ, ಪಟ್ಟಿಯನ್ನು ಪ್ರಿಂಟ್ ಮಾಡಲು ಪಕ್ಕದ ರೂಮಿಗೆ ಹೋದ. ಬೀಗದಕೈ ಅಲ್ಲೇ ನೇತಾಡುತ್ತಿತ್ತು.

ಪಟಪಟಿ ಗೆರೆ ದಾಟಿದಳು.

ಬಾಗಿಲು ತೆರೆದೊಡನೆ ಬಿಳಿ ಹೊಗೆ ಕಾಲಿನ ಮೇಲೆ ಸುರಿಯಿತು. ಒಳಗೆ ಬೆಳ್ಳನೆಯ ಮಂಜು ಕಟ್ಟಿದ ಪೆಟ್ಟಿಗೆಗಳು. ಒಂದನ್ನು ಎಳೆದು ತೆರೆದಳು. ನೂರು ಪುಟಾಣಿ ಟ್ಯೂಬುಗಳು, ಹತ್ತರ ಸಾಲುಗಳಲ್ಲಿ. ಪ್ರತಿಯೊಂದರ ಮೇಲೂ ಕಪ್ಪು ಗೆರೆಗಳು, ಅಂಕಿಗಳು. ಹೆಸರು ಒಂದರ ಮೇಲೂ ಇರಲಿಲ್ಲ.

ದೊಡ್ಡಮ್ಮ ನಿಜವನ್ನೇ ಹೇಳಿದ್ದಳು.

ಅಷ್ಟರಲ್ಲಿ ಬೆರಳು ಉರಿಯತೊಡಗಿತು. ಫ್ರೀಜರ್ ಕೀಂ ಕೀಂ ಎಂದು ಅರಚಿತು. ಚಳಿಮಾಮ ಓಡಿ ಬಂದು ಪೆಟ್ಟಿಗೆಯನ್ನು ಕಿತ್ತುಕೊಂಡು ಒಳಗಿಟ್ಟು ಬಾಗಿಲು ಹಾಕಿದ. ಅವನ ಹಿಂದೆಯೇ ದೊಡ್ಡಮ್ಮ.

ಬೈಗುಳ ಬೀಳುತ್ತದೆಂದು ಪಟಪಟಿ ಕಣ್ಣು ಮುಚ್ಚಿಕೊಂಡಳು. ಬೈಗುಳ ಬರಲಿಲ್ಲ. ದೊಡ್ಡಮ್ಮ ಅವಳ ಕೈ ಹಿಡಿದು ಸಿಂಕಿಗೆ ಎಳೆದೊಯ್ದು ಬೆರಳುಗಳನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದಳು. ಆಮೇಲೆ ಚಳಿಮಾಮನನ್ನು ಕೇಳಿದಳು. "ಎಷ್ಟು ಹೊತ್ತು ತೆರೆದಿತ್ತು?"

"ಒಂದು ನಿಮಿಷಾನೂ ಇಲ್ಲ ಮೇಡಂ. ಪೆಟ್ಟಿಗೆ ಗಟ್ಟಿಯಾಗೇ ಇತ್ತು. ಬೀಗ ಹಾಕದೆ ಹೋಗಿದ್ದು ನನ್ನದೇ ತಪ್ಪು."

"ಎರಡೂ ಬರೆದಿಡಿ."

ಉರಿ ಸ್ವಲ್ಪ ಇಳಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂತರು. "ಯಾಕೆ ತೆಗೆದೆ, ಹೇಳು," ಎಂದಳು ದೊಡ್ಡಮ್ಮ.

ಪಟಪಟಿ ನಲ್ಲಿಯ ಹತ್ತಿರ ಆಡಿದ ಮಾತಿನಿಂದ ಹಿಡಿದು ರಜೆ ಹಾಕಿದ ಅಮ್ಮನವರೆಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಮೂಗು ಸೋರಿತು.

ದೊಡ್ಡಮ್ಮ ಸ್ವಲ್ಪ ಹೊತ್ತು ತನ್ನ ಒಣಗಿದ ಕೈಯನ್ನು ಉಜ್ಜಿಕೊಂಡಳು.

"ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆಲ್ಸ್ ಬೆಳೆಸೋದೇ ನನ್ನ ಕೆಲಸ," ಎಂದಳು. "ಆಗ ಟ್ಯೂಬಿನ ಮೇಲೆ ಹೆಸರೇ ಬರೀತಿದ್ವಿ. ಒಂದು ಪುಟ್ಟ ಪಾಪುವಿನ ಸೆಲ್ಸ್ ನನ್ನ ಕೈಗೆ ಬಂತು. ದಿನಾ ಬೆಳಿಗ್ಗೆ ಅದಕ್ಕೆ ಊಟ ಹಾಕ್ತಿದ್ದೆ. ಎಷ್ಟು ಚೆನ್ನಾಗಿ ಬೆಳೀತಿದ್ವು ಗೊತ್ತಾ. ಒಂದು ದಿನ ಬಸ್ಸಿಗೆ ಹೊತ್ತಾಯ್ತು ಅಂತ ಅವಸರ ಮಾಡ್ದೆ. ಕೈ ಸರಿಯಾಗಿ ತೊಳೀಲಿಲ್ಲ, ಮುಚ್ಚಳ ಸರಿಯಾಗಿ ಹಾಕ್ಲಿಲ್ಲ. ಎರಡು ದಿನದಲ್ಲಿ ಬೂಷ್ಟು ಬಂದು ಎಲ್ಲ ಸತ್ತುಹೋದ್ವು."

"ಇನ್ನೊಂದ್ಸಲ ರಕ್ತ ತಗೋಬಹುದಿತ್ತಲ್ಲ?"

"ಅಷ್ಟರಲ್ಲಿ ಪಾಪು ಇರಲಿಲ್ಲ."

ಪಟಪಟಿ ಅಂಗೈಯಿಂದ ಮೂಗು ಒರೆಸಿಕೊಂಡಳು.

"ಅವರ ಅಮ್ಮನಿಗೆ ನಾನೇ ಹೋಗಿ ಹೇಳ್ದೆ. ಅವರು ಬೈತಾರೆ ಅಂದ್ಕೊಂಡಿದ್ದೆ. ಚೆನ್ನಾಗಿ ಬೆಳೀತಿದ್ವಾ ಅಂತ ಕೇಳಿದ್ರು. ಹೌದು ಅಂದೆ. ಅಷ್ಟೇ ಸಾಕು ಅನ್ನೋ ಹಾಗೆ ತಲೆ ಆಡಿಸಿದ್ರು." ದೊಡ್ಡಮ್ಮ ಉಸಿರು ಬಿಟ್ಟಳು. "ಬೆಳೆಸೋರು ಬೇಕಾದಷ್ಟು ಜನ ಇದಾರೆ, ನಾನು ಕಾಯೋ ಕೆಲಸ ಮಾಡ್ತೀನಿ ಅಂತ ಆವತ್ತೇ ಅನ್ಕೊಂಡೆ. ಒಂದು ಹಳೇ ಫ್ರೀಜರಿನಿಂದ ಶುರುವಾಯ್ತು ಇದೆಲ್ಲ."

"ಮತ್ತೆ ಹೆಸರು ಯಾಕೆ ತೆಗೆದ್ರಿ?"

"ಯಾರೋ ಒಂದು ಹೆಸರು ಓದಿ ಹೊರಗೆ ಬಾಯಿಬಿಟ್ರು. ಆ ಮನೇಲಿ ಏನೋ ಕಾಯಿಲೆ ಇದೆಯಂತೆ ಅಂತ ಊರೆಲ್ಲ ಹಬ್ಬಿತು. ಆ ಮನೆ ಹುಡುಗಿ ಜೊತೆ ಆಡೋಕೆ ಯಾರೂ ತಮ್ಮ ಮಕ್ಕಳನ್ನ ಕಳಿಸ್ಲಿಲ್ಲ."

ಪಟಪಟಿ ತಲೆ ತಗ್ಗಿಸಿದಳು. ಇಂಥದ್ದು ತನ್ನ ಬಾಯಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ನಿನ್ನ ಫ್ರೆಂಡ್ ಅಮ್ಮ ಸೈನ್ ಮಾಡಿದಾರಲ್ಲ, ಅವರು ಕೇಳಬಹುದು. ಅದಕ್ಕೆ ಒಂದು ಫಾರಂ ಇದೆ. ಯಾವ ಅಂಕಿ ಯಾರದು ಅನ್ನೋ ಪಟ್ಟೀನ ಆಸ್ಪತ್ರೇಲಿ ಬೀಗ ಹಾಕಿಟ್ಟಿರ್ತಾರೆ, ಅದರಲ್ಲಿ ಹುಡುಕಿ ಹೇಳ್ತಾರೆ," ಎಂದಳು ದೊಡ್ಡಮ್ಮ. "ಆದ್ರೆ ಅದು ಇಲ್ಲಿದೆಯೋ, ಬೇರೆ ಕಡೆ ಇದೆಯೋ, ಇಲ್ಲವೇ ಇಲ್ವೋ, ನಿನಗೆ ಗೊತ್ತಿಲ್ಲ. ಮೊದಲು ಅದನ್ನ ಹೇಳು."

"ನೀನೇ ಫೋನ್ ಮಾಡಿ ಹೇಳು ದೊಡ್ಡಮ್ಮ."

"ಮಾತು ಕೊಟ್ಟೋಳು ನೀನು. ಸೋಮವಾರದ ತನಕ ಕಾಯಿಸ್ಬೇಡ ಅವರನ್ನ. ಫಾರಂ ತಗೊಂಡು ಈಗಲೇ ಹೋಗೋಣ, ನಾನು ಗೇಟಿನ ಹತ್ರ ನಿಂತಿರ್ತೀನಿ."

ಜಡೆಯ ಮನೆ ಎರಡು ಬೀದಿ ಆಚೆ. ಬಾಗಿಲು ತೆರೆದವಳು ಜಡೆಯೇ. ಪಟಪಟಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು.

"ನಾನು ಸುಮ್ನೆ ಹೇಳ್ದೆ. ನಿನ್ನ ತಮ್ಮನದು ಅಲ್ಲಿದೆಯಾ ಅಂತ ನನಗೆ ಗೊತ್ತಿಲ್ಲ. ತೋರಿಸೋಕೂ ಆಗಲ್ಲ."

ಒಳಗಿನಿಂದ ಅವಳ ಅಮ್ಮ "ಯಾರಮ್ಮ ಅದು?" ಎಂದು ಕೇಳುತ್ತಿದ್ದರು. ಪಟಪಟಿ ಚಾಚಿದ ಫಾರಮ್ಮನ್ನು ಜಡೆ ತೆಗೆದುಕೊಂಡು, ನೋಡದೆಯೇ ನಾಲ್ಕು ಮಡಿಕೆ ಮಾಡಿದಳು. ಬಾಗಿಲು ಮುಚ್ಚಿತು.

ಆಮೇಲೆ ಜಡೆ ಅವಳ ಜೊತೆ ಮಾತು ಬಿಟ್ಟಳು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವಾರ. ಪಟಪಟಿ ಬಣ್ಣದ ಪೆನ್ಸಿಲನ್ನು ಹಿಂದಕ್ಕೆ ಕೊಟ್ಟಾಗಲೂ ಮಾತಿಲ್ಲ. ಟೀಚರ್ ಕೇಳಿದ ಹತ್ತು ಸಾಲುಗಳಲ್ಲಿ ಪಟಪಟಿ ನಾಲ್ಕೇ ಬರೆದಳು.

ನಾಲ್ಕನೇ ಶನಿವಾರ ಅವಳು ಲ್ಯಾಬಿನ ಬೆಂಚಿನ ಮೇಲೆ ಭಾಗಾಕಾರ ಮಾಡುತ್ತಿದ್ದಾಗ ಕಾರಿಡಾರಿನ ಕೊನೆಯಲ್ಲಿ ಉದ್ದ ಜಡೆ ಕಾಣಿಸಿತು. ಜೊತೆಯಲ್ಲಿ ಅವಳ ಅಮ್ಮ. ಅವರ ಕೈಯಲ್ಲಿ ಆಸ್ಪತ್ರೆಯ ಮುದ್ರೆ ಇದ್ದ ಒಂದು ಪತ್ರ. ದೊಡ್ಡಮ್ಮ ತಾನೇ ಎದ್ದು ಹೋಗಿ ಅವರನ್ನು ಎದುರುಗೊಂಡು, ಪಕ್ಕದ ಚಿಕ್ಕ ರೂಮಿಗೆ ಕರೆದೊಯ್ದಳು. ಬಾಗಿಲು ಹಾಕಿಕೊಂಡಿತು.

ಬಾಗಿಲಿಗೆ ಕಿವಿ ಕೊಡಲು ಎಂಟು ಹೆಜ್ಜೆ ಸಾಕಿತ್ತು. ಪಟಪಟಿ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು.

ತುಂಬ ಹೊತ್ತಿನ ಮೇಲೆ ಜಡೆ ಒಬ್ಬಳೇ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. ಎಲ್ಲಿ ಕೂರುವುದೆಂದು ಆಚೀಚೆ ನೋಡಿದಳು. ಇದ್ದದ್ದು ಅದೊಂದೇ ಬೆಂಚು. ಬಂದು ಇನ್ನೊಂದು ತುದಿಯಲ್ಲಿ ಕೂತಳು.

ಇದೆಯಂತಾ? ಎಷ್ಟು ಟ್ಯೂಬ್? ನೋಡಿದೆಯಾ? ಪಟಪಟಿಯ ನಾಲಗೆಯ ತುದಿಗೆ ಪ್ರಶ್ನೆಗಳು ಒಂದರ ಮೇಲೊಂದು ಬಂದು ನಿಂತವು. ಎಲ್ಲವನ್ನೂ ನುಂಗಿಕೊಂಡಳು. ಅವು ತನ್ನವಲ್ಲ ಎನಿಸಿತು. ಕೊನೆಗೆ ಇಷ್ಟು ದಿನ ಒಮ್ಮೆಯೂ ಕೇಳದಿದ್ದ ಒಂದು ಪ್ರಶ್ನೆ ಉಳಿಯಿತು.

"ನಿನ್ನ ತಮ್ಮ ಹೇಗಿದ್ದ?"

ಜಡೆ ತಿರುಗಿ ನೋಡಿದಳು. "ಹೇಗಿದ್ದ ಅಂದ್ರೆ?"

"ಅಂದ್ರೆ, ಜಗಳಗಂಟನಾ, ಪಾಪದವನಾ?"

"ಪಾಪದವನಾ? ಅವನಾ?" ಜಡೆ ಮೂಗು ಒರೆಸಿಕೊಂಡಳು. "ಮಹಾ ತರಲೆ. ಹಾವು ಏಣಿ ಆಡುವಾಗ ಹಾವು ಕಚ್ಚಿದ್ರೆ ಕೆಳಗೆ ಇಳೀತಾನೇ ಇರ್ಲಿಲ್ಲ. ಬೋರ್ಡನ್ನೇ ತಲೆಕೆಳಗೆ ತಿರುಗಿಸಿ, ಈಗ ನೋಡು, ನಾನೇ ಮೇಲಿದೀನಿ ಅಂತಿದ್ದ."

ಪಟಪಟಿಗೆ ನಗು ಬಂತು. ನಗಬಹುದೋ ಬಾರದೋ ಗೊತ್ತಾಗದೆ ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಜಡೆಯೇ ನಕ್ಕಳು.

"ಎಲ್ಲರೂ ಕಾಯಿಲೆ ಏನಿತ್ತು ಅಂತ ಕೇಳ್ತಾರೆ," ಎಂದಳು ಜಡೆ. ಸ್ವಲ್ಪ ತಡೆದು, "ಇನ್ನೊಂದು ಹೇಳಲಾ?"

ಪಟಪಟಿ ಇಬ್ಬರ ನಡುವೆ ಇದ್ದ ಸ್ಕೂಲ್ ಬ್ಯಾಗನ್ನು ಎತ್ತಿ ನೆಲಕ್ಕಿಟ್ಟು, ಹತ್ತಿರ ಸರಿದು ಕೂತಳು.