ಧನ್ಯಾಳ ಓಲೆ

ಮಗಳ ಕೂದಲು ಸರಿಸಿದ ರೂಪಶ್ರೀಯ ಕೈ ಅಲ್ಲೇ ನಿಂತಿತು. ಧನ್ಯಾಳ ಕಿವಿಯಲ್ಲಿ ಓಲೆ ಇರಲಿಲ್ಲ. ಆ ಕಿವಿ, ಈ ಕಿವಿ — ಎರಡರಲ್ಲೂ ಚಿನ್ನದ ಜಾಗದಲ್ಲಿ ಬೇವಿನ ಕಡ್ಡಿ.

“ಓಲೆ ಎಲ್ಲಿ?”

“ಅದ್ನ ನಾನು ಕೇಳ್ಬೇಕು ಕಣೆ,” ಎಂದ ಹೊಸಿಲಾಚೆ ನಿಂತಿದ್ದ ಅರುಣ್‌ಕುಮಾರ್. “ಶುಕ್ರವಾರ ನೀನು ಕಳಿಸ್ದಾಗ್ಲೇ ಬರೀ ಕಡ್ಡಿ. ಕಿವಿ ಚುಚ್ಚಿಸ್ದಾಗ ನಮ್ಮವ್ವ ಆಕಿದ್ದ ಓಲೆ. ಮಾರ್ಕಂಡು ತಿಂದ್ಬುಟ್ಯಾ?”

ಮದುವೆ ಮುರಿದ ಮೇಲೆ ಆರು ವರ್ಷದ ಮಗಳು ಅರಕಲಗೂಡಿನಲ್ಲಿ ರೂಪಶ್ರೀಯ ಬಳಿ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮಾತ್ರ ರಾಮನಾಥಪುರದಲ್ಲಿ ಅಪ್ಪನ ಬಳಿ. ತಾನು ಕಟ್ಟುವ ಜೀವನಾಂಶ ಮಗುವಿಗೆ ದಕ್ಕುತ್ತಿಲ್ಲ, ನಿಲ್ಲಿಸಿ ಎಂದು ಅರುಣ್ ಕೋರ್ಟಿಗೆ ಅರ್ಜಿ ಹಾಕಿದ್ದ. ನಾಳೆಯೇ ವಿಚಾರಣೆ. ಹಣ ನಿಂತರೆ ಹಾಸನದಲ್ಲಿ ಮಗಳ ಮಾತಿನ ತರಬೇತಿಯೂ ನಿಂತೀತು. ಧನ್ಯಾಳಿಗೆ ಮಾತು ಇನ್ನೂ ಕೂಡಿಬಂದಿರಲಿಲ್ಲ. ಅಪ್ಪನ ಮನೆಯಲ್ಲಂತೂ ತುಟಿಯನ್ನೇ ಬಿಚ್ಚುತ್ತಿರಲಿಲ್ಲ.

ಗಲಾಟೆ ಕೇಳಿ ಪಕ್ಕದ ಮನೆಯ ಪ್ರೇಮಕುಮಾರಿ ಹೊರಬಂದರು. ಹಣೆಯಲ್ಲಿ ವಿಭೂತಿ; ಮಹಿಳಾ ಠಾಣೆಯ ಎಎಸ್‌ಐ. ಇಬ್ಬರ ಮಾತನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಶುಕ್ರವಾರ ಓಲೆ ಇದ್ದದ್ದನ್ನ ಯಾರಾದ್ರೂ ನೋಡಿದ್ರಾ ರೂಪ?”

“ಚಳಿ ಅಂತ ಟೋಪಿ ಹಾಕಿದ್ದೆ ಅಕ್ಕ. ಯಾರು ನೋಡಿರ್ತಾರೆ?”

“ಇನ್ನೇನ್ ಮೇಡಂ?” ಅರುಣ್ ನಕ್ಕ. “ನನ್ ದುಡ್ಡಲ್ಲಿ ವಾರವಾರ ಆಸನಕ್ಕೆ ಸವಾರಿ. ಮಾತು ಕಲಿಸ್ತಾಳಂತೆ, ಮಾತು. ನಮ್ಮ ವಂಶದಲ್ಲಿ ಎಲ್ರೂ ತಡವಾಗೇ ಮಾತಾಡಿದ್ದು.”

“ನೀವು ಆ ಮಾತಿನ ಬಾಕಿಯೆಲ್ಲ ತೀರಿಸ್ಕೊಂಡ ಹಾಗಿದೆ ಬಿಡಿ,” ಎಂದರು ಪ್ರೇಮಕುಮಾರಿ. ಅವರ ಕಣ್ಣು ಬೀದಿಯಲ್ಲಿ ನಿಂತ ಓಮ್ನಿಯ ಮೇಲಿತ್ತು. “ನಿಮ್ಮ ತಾಯಿ ಒಳಗೇ ಕೂತಿದ್ದಾರಲ್ಲ? ಪ್ರತಿಸಲ ಇಳಿದು ಎಲೆಅಡಿಕೆ ಹಾಕ್ಕೊಂಡು ಹೋಗ್ತಿದ್ರು.”

“ಮಂಡಿನೋವು.”

“ಇರಲಿ. ಈ ಕಡ್ಡಿ ಶುಕ್ರವಾರದವೇನಾ? ನಡುವೆ ಯಾರೂ ಬದಲಾಯಿಸಿಲ್ವಾ?”

“ಮುಟ್ಟೇ ಇಲ್ಲ. ನಾಳೆ ಸಾಕ್ಷಿ ಅಲ್ವಾ? ಅವ್ವಂಗೂ ಮುಟ್ಬ್ಯಾಡ ಅಂದಿದ್ದೆ.”

“ಯೋಚನೆ ಮಾಡಿ ಹೇಳಿ.”

“ದೇವರಾಣೆಗೂ ಮೇಡಂ.”

ಪ್ರೇಮಕುಮಾರಿ ಮಂಡಿಯೂರಿ ಕೂತರು. ಮಗುವಿನ ಕಿವಿಯಿಂದ ನೋಯದ ಹಾಗೆ ಒಂದು ಕಡ್ಡಿ ಎಳೆದರು. ಬಗ್ಗಿಸಿದರು. ಅದು ಬಾಗಿತು — ಮುರಿಯಲಿಲ್ಲ. ಉಗುರಿನಿಂದ ಸಿಪ್ಪೆ ಕೆರೆದರು. ಒಳಗೆ ಎಳೆ ಹಸಿರು, ಪಸೆ.

“ಮೂಸು ರೂಪ.”

ಹಸಿ ಬೇವಿನ ಕಹಿ ರೂಪಶ್ರೀಯ ಮೂಗಿಗೆ ಹತ್ತಿತು.

“ಇಲ್ಲದ ಓಲೆಯನ್ನೇ ಎಲ್ಲರೂ ನೋಡಿದ್ವಿ, ಇರೋ ಕಡ್ಡೀನ ಯಾರೂ ನೋಡಲಿಲ್ಲ,” ಎಂದರು ಪ್ರೇಮಕುಮಾರಿ. “ಇಷ್ಟು ಸಣ್ಣ ಕಡ್ಡಿ ಶುಕ್ರವಾರ ಕಿತ್ತದ್ದಾಗಿದ್ರೆ ಇಷ್ಟೊತ್ತಿಗೆ ಒಣಗಿ, ಬಗ್ಗಿಸಿದ ಕೂಡ್ಲೆ ಲಟಕ್ಕಂತ ಮುರೀಬೇಕಿತ್ತು. ಇದು ಇವತ್ತು ಮರದಿಂದ ಕಿತ್ತದ್ದು. ಇವತ್ತು ಮಗು ಎಲ್ಲಿತ್ತು ಅರುಣ್‌ಕುಮಾರ್?”

ಅರುಣ್ ಓಮ್ನಿಯತ್ತ ತಿರುಗಿ ನೋಡಿದ.

“ಕದಿಯೋರು ತೂತು ಮುಚ್ಚಿಹೋದೀತು ಅಂತ ಚಿಂತೆ ಮಾಡಲ್ಲ. ಕಡ್ಡಿ ಹಾಕಿದ್ದು ಅಜ್ಜಿ ಕೈ. ಬಿಚ್ಚಿಸಿದ್ದು ನೀವು. ನಾಳೆ ಜಡ್ಜ್ ಮುಂದೆ ಬರೀ ಕಿವಿ ತೋರಿಸಿ ಜೀವನಾಂಶ ನಿಲ್ಲಿಸೋಕೆ.”

“ಕಡ್ಡಿ ಇಡ್ಕಂಡು ಕೇಸ್ ಮಾಡ್ತೀರಾ?” ಅವನ ದನಿ ಏರಿತು. “ಮಗಾನೇ ಏಳ್ಲಿ ನೋಡಾನ!”

ಆ ಧೈರ್ಯ ಎಲ್ಲಿಂದ ಬಂತೆಂದು ರೂಪಶ್ರೀಗೆ ಗೊತ್ತಿತ್ತು. ಬಾಯಿಲ್ಲದ ಮಗು — ಅದನ್ನೇ ನಂಬಿ ಇಷ್ಟೆಲ್ಲ ಮಾಡಿದ್ದ. ಅವಳು ಮಗಳ ಮುಂದೆ ಕೂತು, ಹಾಸನದಲ್ಲಿ ಹೇಳಿಕೊಟ್ಟಂತೆ ಅವಳ ಪುಟ್ಟ ಅಂಗೈಯನ್ನು ತನ್ನ ಎದೆಗೆ ಒತ್ತಿಕೊಂಡಳು. ಧನ್ಯಾ ಅಮ್ಮನ ಎದೆ ತಟ್ಟುತ್ತಾ, ಒಂದೊಂದೇ ಅಕ್ಷರ ಹೆಕ್ಕಿ ತೆಗೆದಳು.

“ಅ…ಜ್ಜಿ… ಅ…ತ್ತು.” ಮತ್ತೆ ಉಸಿರು ತಗೊಂಡಳು. “ಅಪ್ಪ… ಜೇ…ಬು.”

ಅರುಣನ ಕೈ ತನ್ನಷ್ಟಕ್ಕೆ ಅಂಗಿಯ ಜೇಬು ಮುಚ್ಚಿತು.

ಓಮ್ನಿಯ ಬಾಗಿಲು ಸರಿಯಿತು. ಮಂಡಿನೋವಿನ ಅಜ್ಜಿ ದೊಡ್ಡತಾಯಮ್ಮ ಒಂದೇ ಉಸಿರಿಗೆ ಬೀದಿ ದಾಟಿ ಬಂದು ಮಗನ ಮುಂದೆ ಕೈಯೊಡ್ಡಿತು.

“ತಕ್ಕೊಡ್ಲಾ.”

ಅಂಗೈಗೆ ಓಲೆ ಬಿದ್ದವು. ಮುದುಕಿ ಅವನ್ನು ನೋಡಲೂ ಇಲ್ಲ. ಮೊಮ್ಮಗಳ ಮುಂದೆ ಕುಕ್ಕರಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಿತು.

“ಇನ್ನೊಂದ್ಸಲ ಅನ್ನವ್ವ, ನನ್ನವ್ವ. ಅಜ್ಜಿ ಅನ್ನು.”